ಲ್ಯಾಪ್‌ಟಾಪ್‌ಗೆ ಹೊಸ ರ‍್ಯಾಮ್: ಸ್ಟಿಕ್ಕರ್ ಓದಲು ಕಲಿತ ವಾರ

ಮೊದಲ ದಿನ

ಆಟದ ಫ್ರೇಮ್ ದರ ಸರಾಸರಿಯಲ್ಲಿ ಚೆನ್ನಾಗಿಯೇ ಇದೆ. ಆದರೆ ಹೊಸ ಜಾಗಕ್ಕೆ ಕಾಲಿಟ್ಟ ಕೂಡಲೇ ಚಿತ್ರ ಅರೆಗಳಿಗೆ ನಿಂತುಬಿಡುತ್ತದೆ. ಟಾಸ್ಕ್ ಮ್ಯಾನೇಜರ್ ತೆರೆದು ನೋಡಿದರೆ 8 ಜಿಬಿ ರ‍್ಯಾಮ್ ಬಹುತೇಕ ಭರ್ತಿ. ಎರಡು ಸ್ಲಾಟ್‌ಗಳಲ್ಲಿ ಒಂದು ಖಾಲಿ. ಅಂದರೆ, ಸ್ಲಾಟ್ ಒಂದಕ್ಕೆ 64 ಬಿಟ್‌ನಂತೆ 128 ಬಿಟ್ ಅಗಲದ ದಾರಿಯಿದ್ದರೂ ದತ್ತಾಂಶ 64 ಬಿಟ್‌ನಲ್ಲೇ ತೆವಳುತ್ತಿದೆ.

ಎರಡನೇ ದಿನ

ತಳದ ಮುಚ್ಚಳ ಬಿಚ್ಚಿ, ಮೊದಲು ಬ್ಯಾಟರಿಯ ಕನೆಕ್ಟರ್ ಕಳಚಿದೆ. ಹಳೆಯ ಮಾಡ್ಯೂಲಿನ (ರ‍್ಯಾಮ್ ಹಲಗೆಯ) ಸ್ಟಿಕ್ಕರ್ ಮೇಲೆ ಹೀಗಿತ್ತು: ‘8ಜಿಬಿ 1ಆರ್‌ಎಕ್ಸ್16 ಪಿಸಿ4-3200ಎಎ’. ಪಿಸಿ4 ಎಂದರೆ ಡಿಡಿಆರ್4, ರ‍್ಯಾಮಿನ ಒಂದು ತಲೆಮಾರು. 3200 ಎಂಬುದು ವೇಗ. ‘ಎಎ’ ಎಂದರೆ ಸಿಎಲ್22, ಅಂದರೆ ಕೇಳಿದ ದತ್ತಾಂಶ ಬರಲು 22 ಗಡಿಯಾರ-ಮಿಡಿತಗಳ ಕಾಯುವಿಕೆ. ಎಲ್ಲರೂ ಇಷ್ಟನ್ನೇ ಹೊಂದಿಸಿ ಕೊಳ್ಳುತ್ತಾರೆ. ನಾನೂ ಹಾಗೆಯೇ ಮಾಡುವವನಿದ್ದೆ.

ನನ್ನನ್ನು ತಡೆದು ನಿಲ್ಲಿಸಿದ್ದು ನಡುವಿನ ‘1ಆರ್‌ಎಕ್ಸ್16’. ಒಂದು ರ‍್ಯಾಂಕ್ (ಒಟ್ಟಾಗಿ ಕೆಲಸ ಮಾಡುವ ಚಿಪ್‌ಗಳ ಒಂದು ತಂಡ), 16 ಬಿಟ್ ಅಗಲದ ಚಿಪ್‌ಗಳು. ಸ್ಟಿಕ್ಕರ್ ಓದದಿದ್ದರೂ ಇದು ಕಣ್ಣಿಗೇ ಕಾಣುತ್ತದೆ: ಹಸಿರು ಹಲಗೆಯ ಮೇಲೆ ಬರೀ ನಾಲ್ಕು ಕಪ್ಪು ಚೌಕಗಳು, ಉಳಿದದ್ದು ಖಾಲಿ. ಡಿಡಿಆರ್4ರಲ್ಲಿ ಇಂಥ ಚಿಪ್‌ಗೆ ಎರಡೇ ಬ್ಯಾಂಕ್ ಗುಂಪುಗಳಿರುತ್ತವೆ (ದತ್ತಾಂಶ ಇಡುವ ಒಳವಿಭಾಗಗಳ ಗುಂಪುಗಳು). ‘ಎಕ್ಸ್8’ ಚಿಪ್‌ಗೆ ನಾಲ್ಕು. ಗುಂಪುಗಳು ಹೆಚ್ಚಿದಷ್ಟೂ ಒಂದರ ಕೆಲಸ ಮುಗಿಯುವ ಮೊದಲೇ ಇನ್ನೊಂದಕ್ಕೆ ಆದೇಶ ಕೊಡಬಹುದು. ವೇಗದ ಅಂಕಿ ಒಂದೇ ಆದರೂ ಪ್ರೊಸೆಸರ್ ಮೇಲೆ ಭಾರ ಬೀಳುವ ಆಟಗಳಲ್ಲಿ ವ್ಯತ್ಯಾಸ ಗೊತ್ತಾಗುತ್ತದೆ. ಇಷ್ಟು ಮುಖ್ಯವಾದ ವಿವರವನ್ನು ಮಾರಾಟದ ಪುಟಗಳಲ್ಲಿ ಹುಡುಕಿ ತೆಗೆಯಬೇಕಾಗಿ ಬಂದದ್ದು ನನಗೆ ನಿಜಕ್ಕೂ ಬೇಸರ ತಂದಿತು.

ನಾಲ್ಕನೇ ದಿನ

ಗೆಳೆಯನಿಂದ ಎರವಲು ತಂದ 16 ಜಿಬಿಯ 2666 ಮಾಡ್ಯೂಲನ್ನು ಖಾಲಿ ಸ್ಲಾಟಿಗೆ ಹಾಕಿದೆ. ಯಂತ್ರ ತಕರಾರಿಲ್ಲದೆ ಎದ್ದಿತು, 24 ಜಿಬಿ ತೋರಿಸಿತು, ತಡವರಿಕೆಯೂ ಬಹುಪಾಲು ಹೋಯಿತು. ಆದರೆ ಯಂತ್ರದ ವಿವರ ತೋರಿಸುವ ಸಿಪಿಯು-ಝಡ್‌ನಲ್ಲಿ ಕಂಡದ್ದು ಸುಮಾರು 1333 ಮೆಗಾಹರ್ಟ್ಸ್. ಡಿಡಿಆರ್ ಒಂದು ಮಿಡಿತಕ್ಕೆ ಎರಡು ಸಲ ದತ್ತಾಂಶ ಸಾಗಿಸುವುದರಿಂದ ಅದರ ಇಮ್ಮಡಿ, 2666; ನಿಧಾನದ ಮಾಡ್ಯೂಲಿನ ಹೆಜ್ಜೆಗೆ ವೇಗದ್ದೂ ಇಳಿದಿತ್ತು. ಜೋಡಿಯನ್ನೇ ಕೊಳ್ಳುವುದೆಂದು ಅಲ್ಲಿಗೆ ತೀರ್ಮಾನಿಸಿದೆ.

3200 ಸಿಎಲ್16 ಮಾಡ್ಯೂಲ್‌ಗಳ ಆಸೆ ಬಲವಾಗಿಯೇ ಇತ್ತು: ಸಿಎಲ್22ರ 13.75 ನ್ಯಾನೋಸೆಕೆಂಡ್ ಎಲ್ಲಿ, ಇದರ 10 ಎಲ್ಲಿ! ಆದರೆ ಆ ವೇಗ ಸಿಗುವುದು, ಮಾಡ್ಯೂಲಿನಲ್ಲಿ ಬರೆದಿಟ್ಟ ಹೆಚ್ಚಿನ ವೇಗದ ಹೊಂದಿಕೆಯನ್ನು ಜಾರಿ ಮಾಡುವ ಎಕ್ಸ್‌ಎಂಪಿ ಇದ್ದರೆ. ನನ್ನ ಬಯೋಸ್‌ನಲ್ಲಿ (ಯಂತ್ರ ಏಳುವಾಗಿನ ಮೂಲ ತಂತ್ರಾಂಶದಲ್ಲಿ) ಅದರ ಸುಳಿವಿಲ್ಲ. ಅದಿಲ್ಲದೆ ಹಾಕಿದರೆ ಇಂಥ ಎಷ್ಟೋ ಮಾಡ್ಯೂಲ್‌ಗಳು 2400 ಅಥವಾ 2666ಕ್ಕೇ ನಿಲ್ಲುತ್ತವೆ. ಆಸೆ ಬಿಟ್ಟೆ. ಡಿಡಿಆರ್5ರ ಮಾತೇ ಇಲ್ಲ. ಅದರ ಪಿನ್‌ಗಳು 262, ನನ್ನ ಸ್ಲಾಟಿನವು 260.

ಒಂಬತ್ತನೇ ದಿನ

ತಲಾ 16 ಜಿಬಿಯ, 2ಆರ್‌ಎಕ್ಸ್8, 3200ಎಎ ಜೋಡಿ ಬಂದಿದೆ. ತಯಾರಕರ ಕೈಪಿಡಿ ಒಪ್ಪುವ ಗರಿಷ್ಠ ಮಿತಿಯೂ 32 ಜಿಬಿಯೇ. ಓರೆಯಾಗಿ ಹಿಡಿದು ಚಿನ್ನದ ಅಂಚು ಒಳಗೆ ಮರೆಯಾಗುವವರೆಗೆ ತಳ್ಳಿ, ಮೆಲ್ಲಗೆ ಒತ್ತಿದೆ. ಎರಡೂ ಬದಿಯ ಕೊಕ್ಕೆಗಳು ‘ಟಕ್’ ಎಂದವು.

ಮೊದಲ ಸಲ ಪರದೆ ಅರ್ಧ ನಿಮಿಷ ಕಪ್ಪಾಗಿಯೇ ಇತ್ತು. ಹೊಸ ರ‍್ಯಾಮಿಗೆ ಯಂತ್ರ ತನ್ನನ್ನು ಹೊಂದಿಸಿಕೊಳ್ಳುವ ಹೊತ್ತು ಅದು ಎಂದು ಗೊತ್ತಿದ್ದರಿಂದ ಗುಂಡಿಗೆ ಕೈ ಹಾಕಲಿಲ್ಲ. ರಾತ್ರಿಯಿಡೀ ರ‍್ಯಾಮ್ ಪರೀಕ್ಷಿಸುವ ಮೆಮ್‌ಟೆಸ್ಟ್86 ಓಡಿಸಿದೆ: ನಾಲ್ಕು ಸುತ್ತು, ದೋಷ ಸೊನ್ನೆ. ಬೆಳಿಗ್ಗೆ ಅದೇ ಆಟ, ಅದೇ ಜಾಗ. ಚಿತ್ರ ಎಲ್ಲಿಯೂ ನಿಲ್ಲಲಿಲ್ಲ.