ಬೀಳಿಸೋಕೆ ಅಂತಲೇ ಮಾಡಿದ ಟ್ಯಾಂಕು

"ಮಾಮ, ಇದು ಬಾಂಬಾ?"

ವಿಮಾನ ಸಂಗ್ರಹಾಲಯದಲ್ಲಿ ಅಕ್ಕನ ಮಗ ಬೆರಳು ತೋರಿಸಿದ್ದು ಎಫ್-16 ಯುದ್ಧವಿಮಾನದ ರೆಕ್ಕೆ ಕೆಳಗೆ ನೇತಾಡುತ್ತಿದ್ದ ಬೂದು ಬಣ್ಣದ ಉದ್ದನೆಯ ಟ್ಯಾಂಕಿನ ಕಡೆಗೆ. ಬಾಂಬಲ್ಲ ಕಣೋ, ಇಂಧನದ ಟ್ಯಾಂಕು ಅಂದೆ. ಅವನ ಮುಖ ಸಪ್ಪಗಾಯಿತು. ಕ್ಷಿಪಣಿ ಇಟ್ಟಿದ್ದ ಕಡೆ ಓಡುವವನಿದ್ದ. ಅಷ್ಟರಲ್ಲಿ ಅಲ್ಲಿನ ಗೈಡ್ ಮಾತು ಶುರು ಮಾಡಿದರು. ವಯಸ್ಸಾದವರು, ಹಿಂದೆ ವಾಯುಪಡೆಯಲ್ಲಿ ವಿಮಾನಗಳನ್ನು ಹಾರಾಟಕ್ಕೆ ಸಜ್ಜು ಮಾಡುತ್ತಿದ್ದವರಂತೆ.

"ಈ ವಿಮಾನದ ಒಡಲಿನಲ್ಲಿ ಹಿಡಿಯೋದು ಸುಮಾರು 4,000 ಲೀಟರ್. ರೆಕ್ಕೆ ಕೆಳಗಿರೋ ಈ ಎರಡರಲ್ಲಿ ತಲಾ 1,400. ಈಗ ಹೇಳು, ಇದನ್ನ ಸುಮ್ನೆ ಡಬ್ಬ ಅನ್ನೋಕಾಗುತ್ತಾ?"

ಹುಡುಗ ನಿಂತ. ನಾನೂ ನಿಂತೆ.

ಪಕ್ಕದಲ್ಲೇ ಒಂದು ಟ್ಯಾಂಕನ್ನು ಉದ್ದಕ್ಕೆ ಸೀಳಿ ಇಟ್ಟಿದ್ದರು. ಒಳಗೆ ಅಡ್ಡಡ್ಡ ತಗಡುಗಳು, ಅವುಗಳಲ್ಲಿ ದುಂಡನೆಯ ತೂತುಗಳು. "ಅರ್ಧ ಕೊಡ ತುಳುಕುತ್ತೆ ಅಲ್ವಾ, ಇದೂ ಹಾಗೇ. ಅಷ್ಟು ಇಂಧನ ಒಟ್ಟಿಗೆ ಹಿಂದಕ್ಕೋ ಮುಂದಕ್ಕೋ ನುಗ್ಗಿದರೆ ವಿಮಾನದ ತೂಕವೇ ಆಚೀಚೆ ಆಗುತ್ತೆ." ಪಂಪ್ ಎಲ್ಲಿದೆ ಅಂತ ನಾನು ಹುಡುಕಿದೆ. ಇರಲಿಲ್ಲ. ಎಂಜಿನ್ನಿನಿಂದ ಬರುವ ಗಾಳಿಯ ಒತ್ತಡವೇ ಇಂಧನವನ್ನು ಒಳಗಿನ ಟ್ಯಾಂಕುಗಳಿಗೆ ತಳ್ಳುತ್ತದಂತೆ. ಸಾಮಾನ್ಯವಾಗಿ ಹೊರಗಿನದನ್ನೇ ಮೊದಲು ಖಾಲಿ ಮಾಡುತ್ತಾರೆ. ಕಾಳಗದ ಹೊತ್ತಿಗೆ ಹಗುರಾಗೋಕೆ ಬಿಸಾಡಬೇಕಾಗಿ ಬಂದರೆ ಖಾಲಿ ಟ್ಯಾಂಕು ಹೋಗಲಿ ಅಂತ.

ಬಿಸಾಡುವುದೂ ಸಲೀಸಲ್ಲ. ಕೊಕ್ಕೆ ಬಿಚ್ಚಿದರೆ ಸಾಲದು. ವೇಗದ ಗಾಳಿಯಲ್ಲಿ ಹಗುರವಾದ ಖಾಲಿ ಟ್ಯಾಂಕು ತಿರುಗಿ ಬಂದು ವಿಮಾನಕ್ಕೇ ಬಡಿಯಬಹುದು. ಅದಕ್ಕೇ ಸಣ್ಣ ಸಿಡಿಗುಂಡು ಹಾರಿಸಿ ಅದನ್ನು ಕೆಳಕ್ಕೆ ನೂಕುವ ಏರ್ಪಾಡು ಇರುತ್ತದೆ. ಯುದ್ಧ ಇಲ್ಲದ ದಿನಗಳಲ್ಲಂತೂ ಪೈಲಟ್‌ಗಳು ಟ್ಯಾಂಕು ವಾಪಸ್ ತರುತ್ತಾರೆ. ದುಬಾರಿ ಸಾಮಾನು, ಕೆಳಗೆ ಜನರೂ ಇರುತ್ತಾರೆ.

ಹುಡುಗನ ಕಣ್ಣು ಅರಳಿದ್ದು ಮುಂದಿನ ಹಾಲ್‌ನಲ್ಲಿ. ಅಲ್ಲಿ ಎರಡನೇ ಮಹಾಯುದ್ಧದ ಕಾಲದ ಅಮೆರಿಕದ ಫೈಟರ್ ವಿಮಾನ ಪಿ-51 ಮಸ್ಟ್ಯಾಂಗ್ ಇತ್ತು. ಅದರ ಟ್ಯಾಂಕು ಕಾಗದದ್ದು!

ನಿಜವಾಗಿಯೂ ಕಾಗದ. ಆಗ ಬ್ರಿಟನ್ನಿನಲ್ಲಿ ಕಾಗದದ ಪದರಗಳನ್ನು ಅಂಟು ಹಾಕಿ ಗಟ್ಟಿ ಮಾಡಿ ಇಂಥವನ್ನು ತಯಾರಿಸುತ್ತಿದ್ದರು. ಒಂದರಲ್ಲಿ 400 ಲೀಟರ್‌ಗಿಂತ ಸ್ವಲ್ಪ ಜಾಸ್ತಿಯೇ ಹಿಡಿಯುತ್ತಿತ್ತು. ಲೋಹಕ್ಕೆ ಬರವಿದ್ದ ಕಾಲ. ಬೀಳಿಸಿದ ಟ್ಯಾಂಕಿನಿಂದ ಶತ್ರುವಿಗೆ ಅಲ್ಯೂಮಿನಿಯಂ ಸಿಗುವ ಚಿಂತೆಯೂ ಇಲ್ಲ. ಒಂದೇ ತೊಂದರೆ: ಪೆಟ್ರೋಲು ನಿಧಾನಕ್ಕೆ ಅಂಟನ್ನೇ ಕರಗಿಸುತ್ತಿತ್ತು. ಹಾಗಾಗಿ ಹೊರಡುವ ಮುಂಚೆಯಷ್ಟೇ ತುಂಬಬೇಕು, ರಾತ್ರಿಯೇ ತುಂಬಿಟ್ಟು ಮಲಗುವ ಹಾಗಿಲ್ಲ.

"ಇದರಿಂದ ಏನಾಯ್ತು ಸಾರ್?" ಈ ಸಲ ಕೇಳಿದ್ದು ಹುಡುಗ.

1943ರ ಅಕ್ಟೋಬರ್ 14ರಂದು ಜರ್ಮನಿಯ ಶ್ವೈನ್‌ಫರ್ಟ್ ಮೇಲೆ ದಾಳಿಗೆ ಹೋದ ಅಮೆರಿಕದ ಬಾಂಬರ್‌ಗಳಲ್ಲಿ 60 ಹಾಳಾದವು. ಕಾವಲಿಗಿದ್ದ ಫೈಟರ್‌ಗಳು ಇಂಧನ ಸಾಲದೆ ನಡುದಾರಿಯಲ್ಲೇ ಹಿಂದಿರುಗಿದ್ದವು. 1944ರ ಮಾರ್ಚ್‌ ಹೊತ್ತಿಗೆ ಟ್ಯಾಂಕು ಕಟ್ಟಿಕೊಂಡ ಮಸ್ಟ್ಯಾಂಗ್‌ಗಳು ಬಾಂಬರ್‌ಗಳ ಜೊತೆ ಬರ್ಲಿನ್‌ವರೆಗೂ ಹೋಗಿ ಬಂದವು. ಜರ್ಮನ್ನರೂ ಕಡಿಮೆಯೇನಲ್ಲ. ಫೈಟರ್‌ಗಳನ್ನು ದಾರಿಯಲ್ಲಿ ಬೇಗನೆ ಕೆಣಕಿದರೆ ಅವು ಹೋರಾಡಲು ಟ್ಯಾಂಕು ಬೀಳಿಸಲೇಬೇಕು. ಗುಂಡು ಒಂದೂ ತಾಗದಿದ್ದರೂ ಅವುಗಳ ದೂರದ ಪಯಣ ಅಲ್ಲಿಗೇ ಮುಗಿಯಿತು. ನನಗಂತೂ ಇದು ಯಾವ ಗುಂಡಿನ ಕಾಳಗಕ್ಕಿಂತಲೂ ಕುತೂಹಲದ್ದು ಅನ್ನಿಸಿತು.

ಯುದ್ಧ ಮುಗಿದ ಮೇಲೆ ಅಮೆರಿಕದಲ್ಲಿ ಉಳಿದ ಟ್ಯಾಂಕುಗಳಿಗೆ ಚಕ್ರ, ಎಂಜಿನ್ ಜೋಡಿಸಿ ರೇಸ್ ಕಾರು ಮಾಡಿದವರೂ ಇದ್ದಾರೆ. ಗೈಡ್ ಇದನ್ನು ಹೇಳಿದ್ದೇ ತಡ, ನಮ್ಮ ಹುಡುಗನಿಗೆ ಕ್ಷಿಪಣಿ ಮರೆತೇ ಹೋಯಿತು.

ಹೊರಡುವಾಗ ನಾನು ಕೇಳಿದೆ, ರಡಾರ್‌ಗೆ ಕಾಣಬಾರದ ಈಗಿನ ವಿಮಾನಗಳಿಗೆ ಇವು ಬೇಡವೇ ಬೇಡ ಅಲ್ವಾ ಅಂತ. ಅವರು ನಕ್ಕರು. ಎಫ್-35 ತನ್ನೊಳಗೇ 8 ಟನ್‌ಗಿಂತ ಹೆಚ್ಚು ಇಂಧನ ತುಂಬಿಕೊಳ್ಳುತ್ತದೆ, ನಿಜ. "ಆದರೆ ಎಫ್-22ಗೆ ಈಗ ಗಾಳಿಗೆ ಕಡಿಮೆ ಅಡ್ಡ ಬರೋ ಹೊಸ ಟ್ಯಾಂಕು ಮಾಡ್ತಿದ್ದಾರೆ. ದೂರ ಹೋಗಬೇಕಲ್ಲ, ಸಾರ್!"