ಹೆಡರ್ ಪೈಪಿಗೆ ತುಕ್ಕು ಹಿಡಿಯುವುದು ಒಳಗಿನಿಂದ

ಹಳೆಯ ಕಾರು ಇಟ್ಟುಕೊಂಡಿರುವ ಸ್ನೇಹಿತರು ಹೆಡರ್ ಪೈಪಿನ (ಎಂಜಿನ್ನಿನಿಂದ ಹೊಗೆಯನ್ನು ಹೊರಗೊಯ್ಯುವ ಮೊದಲ ಕೊಳವೆಗಳ) ಬಗ್ಗೆ ನನ್ನನ್ನು ಕೇಳುವುದು ಸಾಮಾನ್ಯವಾಗಿ ಒಂದೇ ಪ್ರಶ್ನೆ: ಶಾಖ ತಾಳುವ ಸೆರಾಮಿಕ್ ಲೇಪನ ಬೆಳ್ಳಿ ಬಣ್ಣದ್ದು ಒಳ್ಳೆಯದೋ, ಕಪ್ಪೋ? ಬಣ್ಣ ಯಾವುದಾದರೂ ಇರಲಿ, ಪೈಪಿನ ಒಳಮೈಗೂ ಲೇಪನ ಹಾಕುತ್ತಾರೆಯೇ ಎಂದು ಮೊದಲು ವಿಚಾರಿಸಿ ಎನ್ನುತ್ತೇನೆ. ಪಿಯು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುವವಳು ನಾನು. ಈ ವಿಷಯದಲ್ಲಿ ನನಗೆ ಹಟವಿದೆ.

ನಮ್ಮದು ಸ್ಟ್ಯಾಂಡರ್ಡ್ ಹೆರಾಲ್ಡ್ ಮಾರ್ಕ್ 3, ಮದ್ರಾಸಿನಲ್ಲಿ ತಯಾರಾದ ನಾಲ್ಕು ಬಾಗಿಲಿನ ಕಾರು. ಇಟಲಿಯ ಮಿಕೆಲೊಟ್ಟಿ ವಿನ್ಯಾಸಗೊಳಿಸಿದ ಬ್ರಿಟನ್ನಿನ ಟ್ರಯಂಫ್ ಹೆರಾಲ್ಡ್ ಇದರ ಮೂಲ. ಬಾನೆಟ್ಟು ಮಡ್‌ಗಾರ್ಡುಗಳ ಸಮೇತ ಮುಂದಕ್ಕೆ ಮಗುಚಿಕೊಳ್ಳುವುದರಿಂದ 948 ಸಿಸಿ ಎಂಜಿನ್ ಪೂರ್ತಿಯಾಗಿ ಕೈಗೆ ಸಿಗುತ್ತದೆ. ಹಿಂದಿನ ಮಾಲೀಕರು ಎರಕದ ಕಬ್ಬಿಣದ ಮ್ಯಾನಿಫೋಲ್ಡ್ (ಸಿಲಿಂಡರುಗಳ ಹೊಗೆಯನ್ನು ಒಟ್ಟುಗೂಡಿಸುವ ಭಾಗ) ತೆಗೆಸಿ ಉಕ್ಕಿನ ಕೊಳವೆಗಳ ಹೆಡರ್ ಕೂರಿಸಿದ್ದರು. ಮನೆ ಮಲ್ಪೆಯಲ್ಲಿ, ವರ್ಷವಿಡೀ ಉಪ್ಪುಗಾಳಿ, ಜೂನ್ ಬಂತೆಂದರೆ ಮಳೆ. ಎರಕದ ಕಬ್ಬಿಣ ದಪ್ಪವಾಗಿರುವುದರಿಂದ ತುಕ್ಕು ಹಿಡಿದೂ ದಶಕಗಟ್ಟಲೆ ಬಾಳುತ್ತದೆ. ತೆಳ್ಳನೆಯ ಕೊಳವೆ ಅಷ್ಟು ತಾಳುವುದಿಲ್ಲ.

ತುಕ್ಕಿಗೆ ನೀರು ಎಲ್ಲಿಂದ ಬಂತು ಎಂದರೆ ಎಲ್ಲರೂ ಮಳೆಯತ್ತ ಕೈ ತೋರಿಸುತ್ತಾರೆ. ಪೆಟ್ರೋಲಿನ ಕಡೆ ನೋಡುವವರು ಕಡಿಮೆ. ಪೆಟ್ರೋಲಿನಲ್ಲಿರುವ ಆಕ್ಟೇನ್ 114 ಗ್ರಾಂ ಉರಿದರೆ 162 ಗ್ರಾಂ ನೀರು ಹುಟ್ಟುತ್ತದೆ. ಅಂದರೆ ಒಂದು ಲೀಟರ್ ಪೆಟ್ರೋಲಿಗೆ ಹೆಚ್ಚುಕಡಿಮೆ ಒಂದು ಲೀಟರ್ ನೀರು ಆವಿಯಾಗಿ ಇದೇ ಪೈಪಿನ ಮೂಲಕ ಹೊರಗೆ ಹೋಗಬೇಕು. ಪೈಪ್ ಚೆನ್ನಾಗಿ ಕಾದಿದ್ದರೆ ತೊಂದರೆಯಿಲ್ಲ. ಮೀನು ಮಾರುಕಟ್ಟೆಗೆ ಹೋಗಿ ಬಂದು ನಿಲ್ಲಿಸಿಬಿಟ್ಟರೆ ಆವಿ ಒಳಗೇ ಹನಿಗಟ್ಟುತ್ತದೆ, ಇಂಗಾಲದ ಡೈಆಕ್ಸೈಡ್ ಕರಗಿ ಆ ನೀರು ತುಸು ಆಮ್ಲೀಯವೂ ಆಗುತ್ತದೆ. ಆಗುಂಬೆ ಘಾಟಿ ಹತ್ತುವಾಗಲಂತೂ ಅದೇ ಪೈಪ್ 500 ಡಿಗ್ರಿ ಸೆಲ್ಸಿಯಸ್ ದಾಟಬಲ್ಲದು. ಆ ಶಾಖದಲ್ಲಿ ಉಕ್ಕು ಆಮ್ಲಜನಕದೊಡನೆ ನೇರವಾಗಿ ಸೇರಿ ಹಕ್ಕಳೆ ಕಟ್ಟುತ್ತದೆ. ತಣಿಯುವಾಗ ಲೋಹ ಕುಗ್ಗಿದಷ್ಟು ಹಕ್ಕಳೆ ಕುಗ್ಗುವುದಿಲ್ಲ. ಬಿರಿದು ಉದುರುತ್ತದೆ, ಕೆಳಗಿನ ಹೊಸ ಲೋಹ ಮತ್ತೆ ಗಾಳಿಗೆ ಒಡ್ಡಿಕೊಳ್ಳುತ್ತದೆ.

ಹೆಡರ್ ಬಿಚ್ಚಿ, ಹಳೆಯ ಪತ್ರಿಕೆಯ ಮೇಲೆ ನಿಲ್ಲಿಸಿ, ಸ್ಕ್ರೂಡ್ರೈವರಿನ ಹಿಡಿಯಿಂದ ತಟ್ಟಿದಾಗ ಉಗುರಿನಷ್ಟಗಲದ ಕಪ್ಪು ಚಕ್ಕೆಗಳು ಸುರಿದವು. ಒಂದನ್ನು ಮುರಿದು ನೋಡಿದರೆ ಅಂಚಿನಲ್ಲಿ ಪದರಗಳು ಎಣಿಸುವಷ್ಟು ಸ್ಪಷ್ಟವಾಗಿದ್ದವು. ಹೊರಗೆ ಗಟ್ಟಿಯಾಗಿಯೇ ಕಾಣುತ್ತಿದ್ದ ಪೈಪ್, ಕೊಳವೆಗಳು ಕೂಡುವಲ್ಲಿ ವೆಲ್ಡಿಂಗ್ ಗೆರೆಯ ಪಕ್ಕ ಸ್ಕ್ರೂಡ್ರೈವರಿನ ತುದಿ ಒತ್ತಿದಾಗ ಒಳಕ್ಕೆ ತಗ್ಗಿತು. ಆ ಭಾಗ ಕತ್ತರಿಸಿ ಹೊಸ ತುಂಡು ಬೆಸೆಯಿಸಿದೆವು. ಇಂಥ ಕೆಲಸವೆಲ್ಲ ಲೇಪನಕ್ಕೆ ಮುಂಚೆಯೇ ಮುಗಿಯಬೇಕು; ಆಮೇಲೆ ವೆಲ್ಡಿಂಗ್ ಮಾಡಿದರೆ ಸುತ್ತಲಿನ ಲೇಪನ ಸುಟ್ಟುಹೋಗುತ್ತದೆ. ವೆಲ್ಡಿಂಗ್ ಶಾಖಕ್ಕೆ ಫ್ಲೇಂಜ್ (ಎಂಜಿನ್ನಿಗೆ ಕೂರುವ ಚಪ್ಪಟೆ ಅಂಚು) ಬಾಗಿದೆಯೇ ಎಂದು ಉಕ್ಕಿನ ಪಟ್ಟಿ ಇಟ್ಟು ಆಗಲೇ ನೋಡಿಸಿಕೊಳ್ಳಿ.

ಅಗ್ಗದ ದಾರಿಗಳನ್ನು ಹೇಳುವವರು ಬಹಳ ಮಂದಿ. ಸಾಮಾನ್ಯ ಪೌಡರ್ ಕೋಟಿಂಗ್ 200 ಡಿಗ್ರಿ ಆಸುಪಾಸಿನಲ್ಲೇ ಕೆಡಲು ಶುರುವಾಗುತ್ತದೆ. ಸತು 420 ಡಿಗ್ರಿಗೆ ಕರಗುವುದರಿಂದ ಸತು ಲೇಪಿಸುವ ಗ್ಯಾಲ್ವನೈಸಿಂಗ್ ಇಲ್ಲಿ ಸಲ್ಲದು. ಸ್ಪ್ರೇ ಡಬ್ಬಿಯ ಶಾಖನಿರೋಧಕ ಬಣ್ಣ ಹೊರಮೈಗೆ ಮಾತ್ರ. ಪೈಪಿಗೆ ಸುತ್ತುವ ಫೈಬರ್ ಪಟ್ಟಿಯನ್ನಂತೂ ಕರಾವಳಿಯವರು ಮುಟ್ಟಲೇಬೇಡಿ. ಅದು ತೇವವನ್ನು ಹೀರಿ ಉಕ್ಕಿಗೆ ಅಂಟಿಸಿಟ್ಟುಕೊಳ್ಳುತ್ತದೆ. ಇನ್ನೊಂದು ಮಾತು: ಕಾರು ತೊಳೆದು ಪಾಲಿಶ್ ಮಾಡುವ ಅಂಗಡಿಗಳಲ್ಲಿ ಫಲಕ ಹಾಕಿರುವ ಸೆರಾಮಿಕ್ ಕೋಟಿಂಗ್ ಬಾಡಿಯ ಬಣ್ಣದ ಹೊಳಪಿಗಾಗಿ ಇರುವ ದ್ರವ. ಹೆಡರಿಗೂ ಅದಕ್ಕೂ ಸಂಬಂಧವಿಲ್ಲ.

ಹೆಡರಿನ ಕೆಲಸ ಮಾಡಿಸಿದ್ದು ಬೆಂಗಳೂರಿನ ಪೀಣ್ಯದಲ್ಲಿ. ಮೊದಲು ಓವನ್ನಿನಲ್ಲಿಟ್ಟು ಎಣ್ಣೆಯ ಅಂಶವನ್ನೆಲ್ಲ ಸುಡುತ್ತಾರೆ. ನಂತರ ಅಲ್ಯೂಮಿನಿಯಂ ಆಕ್ಸೈಡ್ ಹರಳುಗಳನ್ನು ರಭಸವಾಗಿ ಊದಿ ಒಳಗೂ ಹೊರಗೂ ಬ್ಲಾಸ್ಟಿಂಗ್. ಮೈ ಒರಟಾದರೆ ಮಾತ್ರ ಲೇಪನ ಕಚ್ಚುತ್ತದೆ. ಅಲ್ಲಿಂದ ಮುಂದೆ ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಎಣ್ಣೆಯೂ ಸಾಕು ಅಲ್ಲಿ ಸಿಪ್ಪೆ ಏಳಲು. ಒಳಗಿನ ತಿರುವುಗಳಿಗೆ ಸ್ಪ್ರೇ ತಲುಪದಿದ್ದರೆ ದ್ರವವನ್ನು ಸುರಿದು, ಪೈಪನ್ನು ತಿರುಗಿಸಿ ಹರಡುವವರಿದ್ದಾರೆ. ಕೊನೆಗೆ ಗಟ್ಟಿಯಾಗುವ ಪದರ ಬರೀ 25ರಿಂದ 50 ಮೈಕ್ರಾನ್ (ಮಿಲಿಮೀಟರಿನ ಸಾವಿರದ ಒಂದು ಭಾಗವೇ ಒಂದು ಮೈಕ್ರಾನ್). ಬೆಳ್ಳಿ ಹೊಳಪಿನ ಬಗೆಗಳು ಸುಮಾರು 700 ಡಿಗ್ರಿವರೆಗೆ ತಾಳುತ್ತವೆ, ಕಪ್ಪಿನಲ್ಲಿ 980ರ ತನಕ ತಾಳುವವೂ ಇವೆ. ನಾನು ಕಪ್ಪು ಆರಿಸಿದೆ. ಪಾರ್ಸೆಲ್ ಬಂದಾಗ ಪ್ರತಿ ಕೊಳವೆಗೂ ಟಾರ್ಚ್ ಬಿಟ್ಟು ನೋಡಿದೆ. ಬೆರಳು ಹೋಗುವಷ್ಟು ದೂರ ನುಣುಪು ಕಪ್ಪು, ಬ್ಲಾಸ್ಟಿಂಗ್ ಹರಳು ಒಂದೂ ಉಳಿದಿರಲಿಲ್ಲ.

ತುಕ್ಕು ತಡೆಯುವುದರ ಜೊತೆಗೆ ಇನ್ನೊಂದು ಲಾಭವೂ ಸಿಕ್ಕಿತು. ಹೆರಾಲ್ಡಿನಲ್ಲಿ ಪೆಟ್ರೋಲನ್ನು ಗಾಳಿಯೊಡನೆ ಬೆರೆಸುವ ಕಾರ್ಬ್ಯುರೇಟರ್ ಇರುವುದು ಎಕ್ಸಾಸ್ಟಿನ ನೇರ ಮೇಲೆ. ಏಪ್ರಿಲ್ ಬಿಸಿಲಿನಲ್ಲಿ ಪೆಟ್ರೋಲ್ ಆವಿಯಾಗಿ ಎಂಜಿನ್ ನಿಂತುಹೋಗುವುದು, ಪಂಪಿನ ಮೇಲೆ ಒದ್ದೆ ಬಟ್ಟೆ ಹಾಕಿ ಕಾಯುವುದು ಹಳೆಯ ಕಾರಿನವರಿಗೆಲ್ಲ ಪರಿಚಿತ. ಲೇಪನವಾದ ಮೇಲೆ ಪೈಪಿನಿಂದ ಹೊರಸೂಸುವ ಶಾಖ ಕಡಿಮೆಯಾಗಿದೆ, ಒದ್ದೆ ಬಟ್ಟೆಯ ಕೆಲಸವೂ ಕಡಿಮೆಯಾಗಿದೆ.

ಜೋಡಿಸುವಾಗ ಗ್ಯಾಸ್ಕೆಟ್ (ಜೋಡಣೆಯ ನಡುವೆ ಸೋರಿಕೆ ತಡೆಯುವ ಹಾಳೆ) ಹೊಸದೇ ಇರಲಿ. ಮೊದಲ ಸಲ ಎಂಜಿನ್ನನ್ನು ನಿಧಾನಗತಿಯಲ್ಲಿ ಸ್ವಲ್ಪ ಹೊತ್ತು ಓಡಿಸಿ, ಪೂರ್ತಿ ತಣಿಯಲು ಬಿಡಿ; ಹೀಗೆ ಮತ್ತೊಮ್ಮೆ ಮಾಡಿ ನಟ್ಟುಗಳನ್ನು ಬಿಗಿಗೊಳಿಸಿ. ಈಗ ನಮ್ಮ ಕಾರಿನಲ್ಲಿ ಉಳಿದಿರುವುದು ಹಿಂದಿನ ಸೈಲೆನ್ಸರ್ ಡಬ್ಬಿ. ಪೈಪಿನಲ್ಲಿ ಅತಿ ತಣ್ಣಗಿರುವ ಜಾಗ ಅದೇ ಆದ್ದರಿಂದ ನೀರು ನಿಲ್ಲುವುದೂ ಅಲ್ಲೇ, ಒಳಗಿನ ತಡೆಗಳಿಗೆ ಲೇಪನ ಹಾಕುವುದೂ ಆಗದ ಮಾತು. ಅದನ್ನು ಸ್ಟೇನ್‌ಲೆಸ್ ಸ್ಟೀಲಿನಲ್ಲಿ ಮಾಡಿಸಲು ಉಡುಪಿಯ ಗ್ಯಾರೇಜಿನವರಿಗೆ ಅಳತೆ ಕೊಟ್ಟಿದ್ದೇನೆ.