ನಿಜ, ಆದ್ರೆ ಉತ್ತರ ಅಲ್ಲ

ಎಂಬಿಎ ಸೇರೋಕೆ ಬರೆಯೋ ಜಿಮ್ಯಾಟ್ ಪರೀಕ್ಷೆಯ ವರ್ಬಲ್ (ಓದು, ತರ್ಕ) ಭಾಗದಲ್ಲಿ 45 ನಿಮಿಷಕ್ಕೆ 23 ಪ್ರಶ್ನೆ. ನಾನು ಒಂದರಲ್ಲೇ ಆರು ನಿಮಿಷ ಕೂತೆ.

ಹೆಲ್ಮೆಟ್ ಕಡ್ಡಾಯ ಆದಮೇಲೆ ತಲೆಗೆ ಪೆಟ್ಟಾಗಿ ಆಸ್ಪತ್ರೆ ಸೇರೋರು ಜಾಸ್ತಿಯಾದ್ರು, ಹಾಗಾಗಿ ಹೆಲ್ಮೆಟ್‌ನಿಂದ ಪ್ರಯೋಜನ ಇಲ್ಲ ಅನ್ನೋ ವಾದ. ಇದನ್ನ ದುರ್ಬಲ ಮಾಡೋದು ಯಾವುದು? 'ಬಹಳ ಜನ ದಂಡದ ಭಯಕ್ಕಷ್ಟೇ ಹಾಕ್ತಾರೆ' ಅನ್ನೋದಕ್ಕೆ ಟಿಕ್ ಹಾಕ್ದೆ. ದಿನಾ ಸಿಗ್ನಲ್‌ನಲ್ಲಿ ನೋಡೋದೇ ಅಲ್ವಾ! ತಪ್ಪು. ಸರಿಯುತ್ತರ: ಮೊದಲು ಸ್ಥಳದಲ್ಲೇ ಸಾಯ್ತಿದ್ದೋರು ಈಗ ಬದುಕಿ ಆಸ್ಪತ್ರೆ ತಲುಪ್ತಿದ್ದಾರೆ. ಛೆ, ಎಷ್ಟು ಸಲೀಸು!

ನಾನು ಆರಿಸಿದ್ದು ಸುಳ್ಳೇನಲ್ಲ, ವಾದದ ತಂಟೆಗೇ ಹೋಗಿರಲಿಲ್ಲ ಅಷ್ಟೆ.

ಅಷ್ಟರಲ್ಲಿ ಒಳಗಿಂದ ಅಮ್ಮ, "ಗ್ಯಾಸ್ ಆಫ್ ಮಾಡಿದ್ಯೇನೋ?"

"ಹಾಲು ಉಕ್ಕಿಲ್ಲಮ್ಮಾ" ಅಂದೆ.